ಎತ್ತು, ಆಟಗಾರ ಮತ್ತು ಅದಲುಬದಲು

ಕಳೆದ ಬೇಸಿಗೆಯಲ್ಲಿ ನನ್ನ ಪಾಲಿಗೆ ವಿಚಿತ್ರವಾದೊಂದು ನ್ಯಾಯಪೀಠ ಒದಗಿಬಂದಿತು. ರಜೆಗೆಂದು ಕಡೂರಿನ ನಮ್ಮ ಮನೆಗೆ ಬಂದಿದ್ದ ಮೊಮ್ಮಗನೂ, ತರೀಕೆರೆ ಮತ್ತು ಅಜ್ಜಂಪುರಗಳಲ್ಲಿರುವ ಅವನ ಗೆಳೆಯರೂ ಕೂಡಿ ಫೋನಿನಲ್ಲಿಯೇ ಒಂದು ಕ್ರಿಕೆಟ್ ಲೀಗನ್ನು ನಡೆಸುತ್ತಿದ್ದರು. ತಂಡಗಳು ಕಲ್ಪಿತ, ಆಟಗಾರರು ಮಾತ್ರ ನಿಜ. ಅವರು ಮೈದಾನದಲ್ಲಿ ಗಳಿಸಿದ ಓಟಗಳು, ಉರುಳಿಸಿದ ವಿಕೆಟ್ಟುಗಳೇ ಈ ಹುಡುಗರ ತಂಡಗಳಿಗೆ ಅಂಕ. ಹಣದ ಪಣವಿಲ್ಲ. ನಡುವೆ ಒಬ್ಬರು ಇನ್ನೊಬ್ಬರೊಡನೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಜಗಳ ಹುಟ್ಟಿದ್ದು ಅಲ್ಲಿ.

ನಮ್ಮ ಹುಡುಗ ತನ್ನ ವೇಗದ ಬೌಲರನನ್ನು ಕೊಟ್ಟು, ಅಜ್ಜಂಪುರದವನಿಂದ ಒಬ್ಬ ಒಳ್ಳೆಯ ಬ್ಯಾಟುಗಾರನನ್ನು ಪಡೆದ. ಎರಡು ದಿನಗಳಲ್ಲಿ ಆ ಬೌಲರನು ಗಾಯಗೊಂಡು ಪಂದ್ಯಗಳಿಂದ ಹೊರಗುಳಿದನೆಂಬ ಸುದ್ದಿ ಪ್ರಕಟವಾಯಿತು. ‘ಇದು ಅನ್ಯಾಯ, ರದ್ದಾಗಬೇಕು’ ಎಂದ ತರೀಕೆರೆಯ ಹುಡುಗ. ‘ಕೊಟ್ಟದ್ದು ಕೊಟ್ಟಾಯಿತು’ ಎಂದ ನಮ್ಮವನು. ಅಜ್ಜಂಪುರದವನು ಮಾತನ್ನೇ ಬಿಟ್ಟ. ‘ತಾತ, ನೀವೇ ಹೇಳಿ’ ಎಂದು ಮೊಕದ್ದಮೆ ನನ್ನ ಮುಂದೆ ಬಂದಿತು.

ಇಂಥ ಕಲ್ಪಿತ ಲೀಗುಗಳಿಗೆ ಪ್ರಸಿದ್ಧಿ ತಂದುಕೊಟ್ಟದ್ದು ಅಮೆರಿಕದ ಬೇಸ್‌ಬಾಲ್. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಲೇಖಕರು ನ್ಯೂಯಾರ್ಕಿನಲ್ಲಿ ಸ್ನೇಹಿತರನ್ನು ಕೂಡಿಸಿಕೊಂಡು ಅಂಥದೊಂದನ್ನು ಆರಂಭಿಸಿದರು. ನಿಜವಾದ ತಂಡಗಳಲ್ಲಿಯೂ ವಿನಿಮಯ ಉಂಟು. 2009ರಲ್ಲಿ ನಮ್ಮ ಬೆಂಗಳೂರು ತಂಡ ಜಹೀರ್ ಖಾನರನ್ನು ಮುಂಬಯಿಗೆ ಬಿಟ್ಟುಕೊಟ್ಟು ರಾಬಿನ್ ಉತ್ತಪ್ಪನವರನ್ನು ಪಡೆಯಿತು.

ವಿನಿಮಯದ ನ್ಯಾಯವನ್ನು ಅದರ ಫಲದಿಂದ ಅಳೆಯಬಹುದೆ? 1964ರ ಜೂನಿನಲ್ಲಿ ಚಿಕಾಗೋದ ಕಬ್ಸ್ ತಂಡ ಲೂ ಬ್ರಾಕ್ ಎಂಬ ತರುಣನನ್ನೂ ಜೊತೆಗೆ ಇಬ್ಬರನ್ನೂ ಸೇಂಟ್ ಲೂಯಿಸ್ ತಂಡಕ್ಕೆ ಕೊಟ್ಟಿತು. ಬದಲಿಗೆ ಪಡೆದ ಮೂವರಲ್ಲಿ ಮುಖ್ಯನಾದವನು ಹಿಂದಿನ ವರ್ಷ 18 ಪಂದ್ಯಗಳನ್ನು ಗೆದ್ದಿದ್ದ ಎಸೆತಗಾರ ಎರ್ನಿ ಬ್ರೋಗ್ಲಿಯೋ. ಲಾಭ ಚಿಕಾಗೋದ್ದೇ ಎಂದು ಅಂದು ಹಲವರು ಭಾವಿಸಿದರು. ಆದರೆ ಬ್ರೋಗ್ಲಿಯೋನ ಕೈ ಕೆಟ್ಟಿತು. ಹೊಸ ತಂಡಕ್ಕೆ ಅವನು ಗೆದ್ದುಕೊಟ್ಟದ್ದು ಕೇವಲ 7 ಪಂದ್ಯ. ಸೇಂಟ್ ಲೂಯಿಸ್ ಆ ವರ್ಷವೇ ವಿಶ್ವ ಸರಣಿಯನ್ನು ಗೆದ್ದಿತು. ಏಕಪಕ್ಷೀಯ ವಿನಿಮಯಕ್ಕೆ ಇಂದಿಗೂ ಇದೇ ನಿದರ್ಶನ. ಏಕಪಕ್ಷೀಯವೇನೋ ಸರಿ, ನಷ್ಟವಾಯಿತೆಂದ ಮಾತ್ರಕ್ಕೆ ಅನ್ಯಾಯವಾಯಿತೆನ್ನಬಹುದೆ? ನಾಳೆಯನ್ನು ಕಂಡವರಾರು?

ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಕೊಡುವ ಹೊತ್ತಿನಲ್ಲಿ ಕೊಡುವವನಿಗೆ ಏನು ತಿಳಿದಿತ್ತು? ಅದನ್ನೇ ಮೊಮ್ಮಗನನ್ನು ಕೇಳಿದೆ. ಬೌಲರನು ಅಭ್ಯಾಸವನ್ನು ಅರ್ಧಕ್ಕೇ ಬಿಟ್ಟು ಕುಂಟುತ್ತ ನಡೆದುದನ್ನು ಅವನು ಅಂದು ಬೆಳಿಗ್ಗೆಯೇ ಫೋನಿನಲ್ಲಿ ನೋಡಿದ್ದ. ‘ಅವನೂ ನೋಡಬಹುದಿತ್ತಲ್ಲ, ತಾತ?’ ಎಂದ.

ನಮ್ಮದು ದನಗಳನ್ನು ಬಲ್ಲ ಸೀಮೆ. ಮೈಸೂರು ಅರಸರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಆ ತಳಿಯ ಸಂವರ್ಧನ ಕೇಂದ್ರವಿರುವುದು ಅಜ್ಜಂಪುರದಲ್ಲಿ. ದನಗಳ ಜಾತ್ರೆಯಲ್ಲಿ ಹಲ್ಲು ಹಿಡಿದು ವಯಸ್ಸು ತಿಳಿಯುತ್ತಾರೆ, ಸುಳಿ ನೋಡುತ್ತಾರೆ, ನಡೆಸಿ ನೋಡುತ್ತಾರೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಮರೆಯಲ್ಲಿರಬಹುದಾದದ್ದು ಬೆಲೆ, ದೋಷವಲ್ಲ.

ನನಗಾಗ ಹತ್ತು ವರ್ಷ. ನನ್ನ ತಂದೆ ಒಂದು ಎತ್ತನ್ನು ಅದಲುಬದಲು ಮಾಡಿದರು. ನೋಟಕ್ಕೆ ಚೆಲುವಾದ ಎತ್ತು. ನೇಗಿಲಿಗೆ ಹೂಡಿದರೆ ನಾಲ್ಕು ಸಾಲು ಕಳೆಯುವುದರೊಳಗೆ ಮಲಗಿಬಿಡುವುದು. ಆ ಮಾತನ್ನು ತಂದೆ ಆಡಲಿಲ್ಲ. ಎಂಟು ದಿನಗಳ ಬಳಿಕ ಆ ರೈತ ನಮ್ಮ ಜಗಲಿಯ ಬಳಿ ಬಂದು ನಿಂತ. ಎತ್ತನ್ನು ತಂದಿರಲಿಲ್ಲ. ‘ಸ್ವಾಮಿ, ನಾನು ಕೇಳಿದ್ರೆ ನೀವು ಹೇಳ್ತಿದ್ರಾ?’ ಎಂದಷ್ಟೇ ಕೇಳಿದ. ತಂದೆ ತಲೆಯೆತ್ತಲಿಲ್ಲ.

ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ, ಮೊಮ್ಮಗನಿಗೆ ಹೇಳಿದೆ. ‘ಎತ್ತನ್ನು ವಾಪಸು ತಂದರಾ?’ ಎಂದು ಕೇಳಿದ. ‘ಇಲ್ಲ’ ಎಂದೆ. ಅದೃಷ್ಟ ಕೆಟ್ಟರೆ ಪಡೆದವನು ತಾಳಿಕೊಳ್ಳಬೇಕು, ಮುಚ್ಚಿಟ್ಟದ್ದಾದರೆ ಮುಚ್ಚಿಟ್ಟವನು ಹಿಂದಿರುಗಿಸಬೇಕು ಎಂಬುದು ನನ್ನ ತೀರ್ಪಾಗಿತ್ತು. ಅದನ್ನು ಅವನು ಪೂರ್ತಿ ಕೇಳಿದನೋ ಇಲ್ಲವೋ ತಿಳಿಯದು. ಮರುದಿನ ಬೀರೂರಿಗೆ ಹೋಗಿ, ಅಜ್ಜಂಪುರದ ಕಡೆಯ ರೈಲು ಹತ್ತಿದ. ಫೋನಿನಲ್ಲಿ ಹೇಳುವ ಮಾತಲ್ಲವೆಂದು ಅವನಿಗೆ ತೋರಿರಬೇಕು.

ಬ್ಯಾಟುಗಾರನು ಹಿಂದಿರುಗಿದ್ದಾನೆ. ಈ ನಡುವೆ ಅವನು ಗಳಿಸಿಕೊಟ್ಟ ಅಂಕಗಳು ಯಾರವು ಎಂದು ತರೀಕೆರೆಯ ಹುಡುಗ ಹೊಸ ವಾದ ಹೂಡಿದ್ದಾನೆ. ಅದರ ವಿಚಾರಣೆ ಇನ್ನೂ ಮುಗಿದಿಲ್ಲ.