ತಾಳೆಯಾಗದ ಲೆಕ್ಕ

(ಉಪನ್ಯಾಸದ ಸಾರ)



ಜಮಾಖರ್ಚು ತಾಳೆಯಾಗದ ದಿನ ವರ್ತಕನ ಮುಂದೆ ಎರಡು ದಾರಿಗಳಿರುತ್ತವೆ. ಲೆಕ್ಕದ ನಿಯಮವೇ ಸರಿಯಿಲ್ಲವೆಂದು ಕಿರ್ದಿಯನ್ನು ಮುಚ್ಚಿಡಬಹುದು; ಇಲ್ಲವೆ, ಬರೆಯದೆ ಉಳಿದ ಬಾಬೊಂದು ಇರಲೇಬೇಕೆಂದು ನಂಬಿ ಅದನ್ನು ಹುಡುಕಬಹುದು. ಭೌತಶಾಸ್ತ್ರವೂ ಒಮ್ಮೆ ಇಂಥ ಕವಲುದಾರಿಯಲ್ಲಿ ನಿಂತಿತ್ತು.

ಶಕ್ತಿಯು ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ; ರೂಪವನ್ನು ಮಾತ್ರ ಬದಲಿಸುತ್ತದೆ ಎಂಬುದು ಆ ಶಾಸ್ತ್ರದ ಮೂಲಾಧಾರ. ಆದರೆ ಕೆಲವು ಪರಮಾಣುಗಳ ಬೀಜವು ಇಲೆಕ್ಟ್ರಾನನ್ನು ಹೊರಸೂಸಿ ಮಾರ್ಪಡುವಾಗ, ಬೀಜವು ಕಳೆದುಕೊಂಡ ಶಕ್ತಿಯೆಲ್ಲವೂ ಇಲೆಕ್ಟ್ರಾನಿನಲ್ಲಿ ಕಾಣುತ್ತಿರಲಿಲ್ಲ. ಕೊರತೆಯೂ ಪ್ರತಿಸಲ ಬೇರೆ ಬೇರೆ. ಈ ನಿಯಮವು ಪರಮಾಣುವಿನ ಅಂತರಾಳದಲ್ಲಿ ಸಲ್ಲದಿರಬಹುದೆಂದು ನೀಲ್ಸ್ ಬೋರ್ ಅವರಂಥ ಮಹಾವಿಜ್ಞಾನಿಗಳೇ ಶಂಕಿಸಿದರು. ವುಲ್ಫ್‌ಗಾಂಗ್ ಪೌಲಿಯವರು ಒಪ್ಪಲಿಲ್ಲ. ವಿದ್ಯುದಂಶವಿಲ್ಲದ, ಸುಲಭವಾಗಿ ಕೈಗೆ ಸಿಕ್ಕದ ಕಣವೊಂದು ಆ ಶೇಷವನ್ನು ಹೊತ್ತೊಯ್ಯುತ್ತಿರಬೇಕೆಂದು 1930ರ ಡಿಸೆಂಬರಿನಲ್ಲಿ ಪತ್ರಮುಖೇನ ಸೂಚಿಸಿದರು. 'ನ್ಯೂಟ್ರಿನೋ' ಎಂದು ಹೆಸರಾದ ಆ ಕಣವನ್ನು ಒಳಗೊಂಡ ಸಿದ್ಧಾಂತವನ್ನು ಎನ್ರಿಕೋ ಫರ್ಮಿಯವರು 1934ರಲ್ಲಿ ಪ್ರಕಟಿಸಿದರು.

ಊಹೆ ಎಷ್ಟೇ ಸಮಂಜಸವಾಗಿದ್ದರೂ ಶಾಸ್ತ್ರವು ಪ್ರಮಾಣವನ್ನು ಕೇಳುತ್ತದೆ. ಅದಕ್ಕಾಗಿ ಇಪ್ಪತ್ತಾರು ವರ್ಷ ಕಾಯಬೇಕಾಯಿತು. 1956ರಲ್ಲಿ ಅಮೆರಿಕದ ಪರಮಾಣು ಸ್ಥಾವರವೊಂದರ ಪಕ್ಕದಲ್ಲಿ ರೈನ್ಸ್ ಮತ್ತು ಕೋವನ್ ಅವರು ನ್ಯೂಟ್ರಿನೋವಿನ ಇರುವಿಕೆಯನ್ನು ಸ್ಥಿರಪಡಿಸಿದರು. ಪೌಲಿಯವರು ಆಗ ಇನ್ನೂ ಬದುಕಿದ್ದರು. ಸಂಶೋಧಕರ ತಂತಿ ಅವರಿಗೆ ತಲುಪಿತು.

ಈ ಕಥೆಯಲ್ಲಿ ಕನ್ನಡನಾಡಿನ ನೆಲಕ್ಕೂ ಪಾಲುಂಟು. ವಿಶ್ವಕಿರಣಗಳು ವಾಯುಮಂಡಲವನ್ನು ತಾಗಿದಾಗಲೂ ನ್ಯೂಟ್ರಿನೋಗಳು ಹುಟ್ಟುತ್ತವೆ. ಜೊತೆಗೆ ಬರುವ ಇತರ ಕಣಗಳ ಗದ್ದಲದಲ್ಲಿ ಅವನ್ನು ಗುರುತಿಸುವುದು ದುಸ್ತರ. ಭೂಮಿಯ ಬಂಡೆಯನ್ನೇ ಜರಡಿಯಾಗಿ ಬಳಸಿದರೆ ಉಳಿದವು ಮೇಲೆಯೇ ತಡೆಯಲ್ಪಡುತ್ತವೆ. ನ್ಯೂಟ್ರಿನೋ ಮಾತ್ರ ಇಳಿದುಬರುತ್ತದೆ. ಆದುದರಿಂದ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಉಪಕರಣಗಳನ್ನು ನಿಲ್ಲಿಸಿದರು. 1965ರಲ್ಲಿ ಇಂಥ ನ್ಯೂಟ್ರಿನೋಗಳ ಕುರುಹು ಅಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ದೊರೆಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದೊರೆತ ಜ್ಞಾನ ಮುಚ್ಚಿಹೋಗಲಿಲ್ಲ.

ಸೂರ್ಯನಿಂದ ಬರುವ ನ್ಯೂಟ್ರಿನೋಗಳೇ ಭೂಮಿಯ ಪ್ರತಿ ಚದರ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ ಸುಮಾರು 6,000 ಕೋಟಿ ಹಾದುಹೋಗುತ್ತವೆ. ನಮ್ಮ ದೇಹದ ಮೂಲಕವೂ ಹಗಲಿರುಳೆನ್ನದೆ ಸಾಗುತ್ತವೆ, ನಮಗೆ ಅರಿವಿಲ್ಲ. ಇಂದ್ರಿಯಕ್ಕೆ ತೋರದ ಮಾತ್ರಕ್ಕೆ ಯಾವುದೂ ಇಲ್ಲವೆನ್ನಲಾಗದು. ಇದೆಯೆಂದು ಹೇಳಿದ ಮಾತ್ರಕ್ಕೆ ಯಾವುದೂ ಸಿದ್ಧವಾಗದು. ಇವೆರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ತಾಳ್ಮೆಯಿಂದ ಹುಡುಕಿದವರಿಗೆ ಮಾತ್ರ ಲೆಕ್ಕವು ತಾಳೆಯಾಯಿತು.