ನಾಲ್ಕನೆಯ ನಟ್ಟು



ನಮ್ಮ ಮನೆಯಲ್ಲಿ ಹಳೆಯ ಮಾರುತಿ 800 ಇದೆ. 1983ರಲ್ಲಿ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತ ಕಾರು ಅದು. ಒಂದು ಭಾನುವಾರ ಮುಂದಿನ ಚಕ್ರ ಪಂಕ್ಚರ್ ಆಗಿತ್ತು. ಆರು ವರ್ಷದ ಮಗನನ್ನು ಜೊತೆಗೆ ಕರೆದೆ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆವು. ಜಾಕಿ ಏರಿಸುವ ಮೊದಲೇ ನಟ್ಟು ಸಡಿಲಿಸಬೇಕು. "ಏಕೆ ಅಬ್ಬಾ?" ಎಂದ. ಚಕ್ರ ಮೇಲೆದ್ದರೆ ನಟ್ಟಿನ ಜೊತೆ ಅದೂ ತಿರುಗುತ್ತದೆ ಎಂದೆ. ಜಾಕಿ ಏರಿಸುವಾಗ ಅವನನ್ನು ದೂರ ನಿಲ್ಲಿಸಿ, ನಟ್ಟು ಹಾಕಲು ಬಟ್ಟಲು ಕೊಟ್ಟೆ.

ಸ್ಟೆಪ್ನಿ ಕೂರಿಸುವಾಗ ಬಟ್ಟಲಲ್ಲಿ ಮೂರೇ ನಟ್ಟು! ಗದರಿಸಿಬಿಟ್ಟೆ. ಅವನ ಕಣ್ಣು ತುಂಬಿತು. ನಾಲ್ಕನೆಯದು ನನ್ನ ಜೇಬಿನಲ್ಲೇ ಇತ್ತು.

"ತಪ್ಪು ನನ್ನದು ಬೇಟಾ, ಮಾಫ್ ಮಾಡು" ಎಂದೆ.

"ಮುಂದಿನ ಸಲ ಮೊದಲು ಎಣಿಸೋಣ ಅಬ್ಬಾ" ಎಂದ.

ತರಗತಿಯಲ್ಲಿಯೂ ಸ್ವಂತ ಜೇಬು ನೋಡಿಕೊಳ್ಳದೆ ಎಷ್ಟು ಮಕ್ಕಳನ್ನು ಗದರಿಸಿದ್ದೇನೋ ಎಂದು ಅಂದು ನನಗೆ ನಾಚಿಕೆಯಾಯಿತು.

ಪೋಷಕರೆ, ಮಗುವಿಗೆ ದುಬಾರಿ ಆಟಿಕೆಯೇ ಬೇಕೆಂದಿಲ್ಲ. ಒಂದು ಬಟ್ಟಲು, ನಿಮ್ಮ ಅರ್ಧ ಗಂಟೆ ಸಾಕು. ವಿದ್ಯಾರ್ಥಿಗಳೆ, ಹಿರಿಯರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತು "ಏಕೆ?" ಎಂದು ಕೇಳಿ.