ಕಾಣದ ಸಂಖ್ಯೆಗೊಂದು ಬಣ್ಣದ ಹೆಸರು



ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳ ಹೆಸರಿನಲ್ಲೇ ಎರಡು ಇಂಗ್ಲಿಷ್ ಅಕ್ಷರಗಳಿವೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಕಲ್ಪಿಸಿದ ಪುನರ್ವಸತಿಯ ಗುರುತು ಅವು. ಅಲ್ಲಿನ ಮಗುವಿಗೆ ಆ ಅಕ್ಷರಗಳ ಹಿಂದೆ ತನ್ನ ಮನೆ ಇದೆ, ಓಣಿ ಇದೆ. ಆದರೆ ಆರನೆಯ ತರಗತಿಯ ಕರಿಹಲಗೆಯ ಮೇಲೆ ಮೂಡುವ ‘ಎಕ್ಸ್’ ಹಿಂದೆ ಏನಿದೆ? ಮನೆಯಲ್ಲಿ ಬಂಗಾಳಿ ಆಡಿ ಕನ್ನಡ ಶಾಲೆಗೆ ಬರುವ ಮಗುವಿಗೆ ಲೆಕ್ಕದ ಮಾತೇ ಅರ್ಧ ಒಗಟು. ಅದರ ಮೇಲೆ ಈ ಅಕ್ಷರ ಇನ್ನೊಂದು ಒಗಟು. ಲೆಕ್ಕದಲ್ಲಿ ಜಾಣನಾಗಿದ್ದ ಹುಡುಗ ಬೀಜಗಣಿತಕ್ಕೆ ಬಂದೊಡನೆ ಮೌನಿಯಾಗುವುದು ಇಲ್ಲಿಯೇ.

ಅಕ್ಷರಕ್ಕೆ ಮೊದಲು ಲೆಕ್ಕ ಬರಲಿ. ಸಿಂಧನೂರಿನಿಂದ ಬಹಳ ದೂರವೇನಲ್ಲದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷನನ್ನು ಕೊಂಡಾಡಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥ ಸಂಸ್ಕೃತದ್ದು, ಅದರ ಲೆಕ್ಕಗಳಲ್ಲಿ ಮಾತ್ರ ಹಣ್ಣು, ಹೂವು, ದುಂಬಿ, ವ್ಯಾಪಾರಿಗಳ ಸಂತೆಯೇ ನೆರೆದಿದೆ. ಒಂದು ಲೆಕ್ಕ ಹೀಗಿದೆ: ಮಾವಿನಹಣ್ಣಿನ ರಾಶಿಯಲ್ಲಿ ರಾಜ ಆರನೆಯ ಒಂದು ಪಾಲು ತೆಗೆದುಕೊಂಡ. ಉಳಿದುದರಲ್ಲಿ ಐದನೆಯ ಒಂದನ್ನು ರಾಣಿ, ಮತ್ತೆ ಮತ್ತೆ ಉಳಿದುದರಲ್ಲಿ ನಾಲ್ಕನೆಯ ಒಂದು, ಮೂರನೆಯ ಒಂದು, ಅರ್ಧ ಎಂದು ಮೂವರು ರಾಜಕುಮಾರರು ಪಡೆದರು. ಕೊನೆಯ ಮಗುವಿಗೆ ಉಳಿದದ್ದು 3 ಹಣ್ಣು. ರಾಶಿ ಎಷ್ಟಿತ್ತು?

ಇದನ್ನು ಹುಣಸೆಬೀಜ ಹರಡಿ ಹಿಂದಿನಿಂದ ಬಿಡಿಸಬಹುದು. ಕೊನೆಯಲ್ಲಿ 3, ಅದಕ್ಕೆ ಮೊದಲು 6, ಅದಕ್ಕೂ ಮೊದಲು 9, 12, 15, 18. ಪ್ರತಿಯೊಬ್ಬರಿಗೂ ಬಂದದ್ದು ಮೂರೇ ಹಣ್ಣು! ಪಾಲು ಬೇರೆ ಬೇರೆ, ಹಣ್ಣು ಮಾತ್ರ ಸಮ. ಮಕ್ಕಳು ನಗುವುದು ಇಲ್ಲಿ. ಇಷ್ಟರವರೆಗೆ ಅಕ್ಷರದ ಸುಳಿವೇ ಇಲ್ಲ.

ಈಗ ಕೊನೆಯ ಮಗುವಿಗೆ 4 ಉಳಿಸಿ ನೋಡಿ: ರಾಶಿ 24. ಐದಾದರೆ 30. ‘ಎಷ್ಟಾದರೂ ಉಳಿಯಲಿ, ಅದರ ಆರರಷ್ಟು’ ಎಂದು ಯಾರೋ ಒಬ್ಬಳು ಕೂಗುತ್ತಾಳೆ. ಆ ‘ಎಷ್ಟಾದರೂ’ ಎಂಬುದಕ್ಕೆ ಒಂದು ಗಿಡ್ಡ ಹೆಸರು ಬೇಕು. ಅಕ್ಷರ ಬರಬೇಕಾದದ್ದು ಈ ಗಳಿಗೆಯಲ್ಲಿ.

ಯಾವ ಅಕ್ಷರ? ‘ಮಾವಿಗೆ ಮಾ’ ಎನ್ನುವುದು ಸುಲಭವೆಂದು ತೋರುತ್ತದೆ, ಅದೇ ಅಪಾಯ. ‘6 ಮಾ’ ಎಂದರೆ ಆರು ಮಾವಿನಹಣ್ಣು ಎಂದು ಮಗು ಓದಿಕೊಳ್ಳುತ್ತದೆ. ಅಕ್ಷರ ನಿಲ್ಲುವುದು ಹಣ್ಣಿಗಲ್ಲ, ಹಣ್ಣಿನ ಸಂಖ್ಯೆಗೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಈ ತೊಡಕಿಲ್ಲ. ಮೊದಲ ಅವ್ಯಕ್ತಕ್ಕೆ ‘ಯಾವತ್‌ತಾವತ್’, ಅಂದರೆ ಎಷ್ಟೋ ಅಷ್ಟು. ಆಮೇಲಿನವಕ್ಕೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ, ಪೀ. ಬಣ್ಣ ಯಾವ ವಸ್ತುವಿನ ಹೆಸರೂ ಅಲ್ಲವಾದ್ದರಿಂದ ಗೊಂದಲಕ್ಕೆ ಎಡೆ ಕಡಿಮೆ. ಕ್ಯಾಂಪಿನ ಮಗುವಿಗೆ ಇನ್ನೊಂದು ಅನುಕೂಲ: ಬಂಗಾಳಿಯ ‘ಕಾಲೋ’, ‘ನೀಲ್’ ಇವಕ್ಕೆ ನಂಟಿನ ಮಾತುಗಳು, ಕನ್ನಡದ ‘ನೀಲಿ’ಯೂ ಅದೇ ಬಳಗ.

ಮುಂದೆ ತಕ್ಕಡಿ. ಒಂದು ತಟ್ಟೆಯಲ್ಲಿ ಸಮತೂಕದ ಎರಡು ನೀಲಿ ಭತ್ತದ ಚೀಲ ಮತ್ತು 3 ಕಿಲೋ ಕಲ್ಲು. ಇನ್ನೊಂದರಲ್ಲಿ 13 ಕಿಲೋ ಕಲ್ಲು. ಎರಡೂ ಕಡೆಯಿಂದ ಮೂರು ಮೂರು ತೆಗೆದರೆ ತಕ್ಕಡಿ ಕದಲದು. ‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂಬ ಗಿಳಿಪಾಠ ಅಲ್ಲಿ ಬೇಕಾಗುವುದಿಲ್ಲ. ಎರಡು ಚೀಲಕ್ಕೆ ಹತ್ತು ಕಿಲೋ ಉಳಿಯಿತು. ನೀ ಎಂದರೆ 5. ಪರೀಕ್ಷೆಯಲ್ಲಿ ‘ಎಕ್ಸ್’ ಬರೆಯಲೇಬೇಕಲ್ಲ ಎನ್ನಬಹುದು. ಬರೆಯಲಿ. ನೀಲಿ ಚೀಲ ಹೊತ್ತ ಮಗುವಿಗೆ ಅದರ ಮೇಲಿನ ಚೀಟಿ ಬದಲಾಯಿಸುವುದು ಒಂದು ದಿನದ ಕೆಲಸ.